ವಾಚ್ ಎಚ್ಚರಿಸಿತು, ಸರಿ. ಆಮೇಲೆ?

2025ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೂಪ್ ಎಂಬ ಕಂಪನಿಗೆ ಎಚ್ಚರಿಕೆ ಪತ್ರ ಕಳಿಸಿತು. ಕೈಗೆ ಕಟ್ಟುವ ಪಟ್ಟಿಯಿಂದ ರಕ್ತದೊತ್ತಡ ಅಂದಾಜು ಮಾಡಿ ತೋರಿಸುತ್ತಿದ್ದೀರಿ, ಅದಕ್ಕೆ ಅನುಮತಿ ಪಡೆದಿಲ್ಲ ಎಂಬುದು ತಕರಾರು. ಸೆಪ್ಟೆಂಬರ್ ಹೊತ್ತಿಗೆ ಅದೇ ಎಫ್‌ಡಿಎ ಆಪಲ್ ವಾಚಿನ ‘ಅಧಿಕ ರಕ್ತದೊತ್ತಡ ಸೂಚನೆ’ಗೆ ಒಪ್ಪಿಗೆ ಕೊಟ್ಟಿತು. 2026ರ ಜನವರಿಯಲ್ಲಿ ಇಂಥ ಸಾಧನಗಳ ಮಾರ್ಗಸೂಚಿಯನ್ನೇ ಸಡಿಲಿಸಿತು. ಸುದ್ದಿ ಓದಿದವರಿಗೆ ತಲೆಬುಡ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಕೊನೆಗೂ ವಾಚು ಬಿಪಿಯನ್ನು ಹಿಡಿಯುತ್ತದೋ ಇಲ್ಲವೋ?

ಮೂರು ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಕಲಸಿಹೋಗಿವೆ. ಸಾಧನವನ್ನು ಮಾರಬಹುದೇ ಎನ್ನುವುದು ಒಂದು. ಅದು ಅಳೆಯುವುದು ಸರಿಯೇ ಎನ್ನುವುದು ಇನ್ನೊಂದು. ಬಳಸಿದವರ ಆರೋಗ್ಯ ಬಳಸದವರಿಗಿಂತ ಉತ್ತಮವಾಗುತ್ತದೆಯೇ ಎನ್ನುವುದು ಮೂರನೆಯದು. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಮೂರನೆಯದಕ್ಕೂ ಉತ್ತರವೆಂದು ಹಿಡಿದುಕೊಂಡಾಗ ಆಸ್ಪತ್ರೆಗಳು, ವಿಮಾದಾರರು, ರೋಗಿಗಳು ಎಲ್ಲರೂ ಕೆಲಸಕ್ಕೆ ಬಾರದ್ದಕ್ಕೆ ದುಡ್ಡು ಸುರಿಯುತ್ತಾರೆ.

ಅನುಮತಿ ಎಂದರೆ ಎಷ್ಟು ಮಾತು

ನಿಯಂತ್ರಕರು ಪರೀಕ್ಷಿಸುವುದು ಮುಖ್ಯವಾಗಿ ಸಾಧನ ಏನೆಂದು ಹೇಳಿಕೊಳ್ಳುತ್ತದೆ ಎಂಬುದನ್ನು. ಹೂಪ್ ಪಟ್ಟಿ ಬಿಪಿಯ ಅಂಕಿಯನ್ನೇ ತೋರಿಸುತ್ತಿತ್ತು. ಆಪಲ್ ವಾಚು ಅಂಕಿ ಕೊಡುವುದಿಲ್ಲ. ಚರ್ಮದ ಮೇಲೆ ಬೆಳಕು ಬಿಟ್ಟು, ಪ್ರತಿ ಮಿಡಿತಕ್ಕೂ ರಕ್ತನಾಳ ಹೇಗೆ ಸ್ಪಂದಿಸುತ್ತದೆ ಎಂಬುದನ್ನು 30 ದಿನಗಳ ಕಾಲ ಗಮನಿಸಿ, ‘ನಿಮಗೆ ಬಿಪಿ ಇರಬಹುದು’ ಎಂಬ ಸೂಚನೆಯಷ್ಟೇ ಕೊಡುತ್ತದೆ. 22 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಬಿಪಿ ಇದೆಯೆಂದು ಈಗಾಗಲೇ ತಿಳಿದವರಿಗೆ ಈ ಸೌಲಭ್ಯ ಅಲ್ಲ. ಸೂಚನೆ ಬಂದರೆ ತೋಳಿಗೆ ಕಟ್ಟುವ ಮಾಮೂಲಿ ಬಿಪಿ ಯಂತ್ರದಿಂದ ಏಳು ದಿನ ಅಳೆದು, ಆ ದಾಖಲೆಯೊಂದಿಗೆ ವೈದ್ಯರನ್ನು ಕಾಣಬೇಕು ಎಂಬುದು ಕಂಪನಿಯದೇ ಸೂಚನೆ.

ಹೇಳಿಕೆ ಸಣ್ಣದಾದಷ್ಟೂ ಕೊಡಬೇಕಾದ ಪುರಾವೆಯೂ ಸಣ್ಣದು. ಬಿಪಿಯ ಅಂಕಿ ಕೊಡುವ ತೋಳುಪಟ್ಟಿ ಯಂತ್ರ ಐಎಸ್‌ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ದಾಟಬೇಕು. ಕನಿಷ್ಠ 85 ಜನರ ಮೇಲೆ ಪರೀಕ್ಷಿಸಿದಾಗ ಸರಾಸರಿ ತಪ್ಪು 5 ಮಿ.ಮೀ. ಪಾದರಸದೊಳಗೆ, ಅಂಕಿಗಳ ಚದುರುವಿಕೆ 8ರೊಳಗೆ ಇರಬೇಕು. ‘ಇರಬಹುದು’ ಎನ್ನುವ ಸಾಧನಕ್ಕೆ ಈ ಪರೀಕ್ಷೆ ಬೇಡ. ಎಷ್ಟು ಜನರನ್ನು ಸರಿಯಾಗಿ ಗುರುತಿಸಿತು, ಎಷ್ಟು ಜನರನ್ನು ತಪ್ಪಾಗಿ ಹೆದರಿಸಿತು ಎಂಬ ಲೆಕ್ಕ ಸಾಕು.

ಇನ್ನೊಂದು ಸಂಗತಿ ಸುದ್ದಿಗಳಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಅಮೆರಿಕದಲ್ಲಿ ಎಫ್‌ಡಿಎ ಪರಿಶೀಲಿಸುವ ಬಹುಪಾಲು ವೈದ್ಯಕೀಯ ಸಾಧನಗಳು ಮಾರುಕಟ್ಟೆಗೆ ಬರುವುದು 510(ಕೆ) ಎಂಬ ದಾರಿಯಲ್ಲಿ. ಈಗಾಗಲೇ ಮಾರಾಟದಲ್ಲಿರುವ ಒಂದು ಸಾಧನಕ್ಕೆ ಇದು ಗಣನೀಯವಾಗಿ ಸಮಾನ ಎಂದು ತೋರಿಸುವ ದಾರಿ ಅದು. ಬಳಸಿದವರಿಗೆ ಹೃದಯಾಘಾತ ಕಡಿಮೆಯಾಯಿತೇ ಎಂದು ಅಲ್ಲಿ ಕೇಳುವುದು ಅಪರೂಪ.

41 ಮತ್ತು 92: ಲೆಕ್ಕ ಹಾಕಿ ನೋಡೋಣ

ಆಪಲ್ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಬಿಪಿ ಇರುವವರಲ್ಲಿ ವಾಚು ಸೂಚನೆ ಕೊಡುವುದು ಸುಮಾರು 41% ಜನರಿಗೆ. ಬಿಪಿ ಇಲ್ಲದವರಲ್ಲಿ ಸುಮ್ಮನಿರುವುದು ಸುಮಾರು 92% ಜನರಿಗೆ. ಈ ಎರಡು ಅಂಕಿಗಳನ್ನು ಹಾಗೇ ಓದಿದರೆ ಏನೂ ಹೊಳೆಯುವುದಿಲ್ಲ. ಜನರ ಮೇಲೆ ಹಾಕಿ ನೋಡಬೇಕು.

ಬಿಪಿ ಇದೆಯೆಂದು ಗೊತ್ತಿಲ್ಲದ 1,000 ಜನ ವಾಚು ಕಟ್ಟಿಕೊಂಡಿದ್ದಾರೆ, ಅವರಲ್ಲಿ 150 ಜನರಿಗೆ ನಿಜಕ್ಕೂ ಬಿಪಿ ಇದೆ ಎಂದಿಟ್ಟುಕೊಳ್ಳಿ. ವಾಚು ಆ 150ರಲ್ಲಿ ಸುಮಾರು 62 ಜನರನ್ನು ಹಿಡಿಯುತ್ತದೆ, 88 ಜನರನ್ನು ಬಿಡುತ್ತದೆ. ಉಳಿದ 850 ಆರೋಗ್ಯವಂತರಲ್ಲಿ ಸುಮಾರು 68 ಜನರಿಗೆ ಸುಳ್ಳು ಸೂಚನೆ ಹೋಗುತ್ತದೆ. ಅಂದರೆ ಒಟ್ಟು 130 ಸೂಚನೆಗಳಲ್ಲಿ ನಿಜವಾದದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಇನ್ನು ಅದೇ ವಾಚನ್ನು ಬರೀ ಯುವಕರಿಗೆ ಕಟ್ಟಿ, ಅವರಲ್ಲಿ 5% ಜನರಿಗಷ್ಟೇ ಬಿಪಿ ಇದೆ ಎನ್ನಿ. ಆಗ ಐದು ಸೂಚನೆಗಳಲ್ಲಿ ಒಂದು ಮಾತ್ರ ನಿಜ. 40% ಜನರಿಗೆ ಬಿಪಿ ಇರುವ ವಯಸ್ಸಾದವರ ಗುಂಪಿಗೆ ಕಟ್ಟಿದರೆ ಚಿತ್ರ ತಿರುವುಮುರುವು. ಸೂಚನೆ ಬಂದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರಿಗೆ ನಿಜಕ್ಕೂ ಬಿಪಿ ಇರುತ್ತದೆ. ಆದರೆ ಸೂಚನೆ ಬಾರದೆ ನಿಶ್ಚಿಂತರಾಗಿ ಕೂತವರಲ್ಲಿ ಹತ್ತಕ್ಕೆ ಮೂವರಿಗೂ ಇರುತ್ತದೆ. ನನ್ನ ಎಣಿಕೆಯಲ್ಲಿ ನಿಜವಾದ ಅಪಾಯ ಇರುವುದು ಈ ನಿಶ್ಚಿಂತೆಯಲ್ಲಿ. ಸುಳ್ಳು ಸೂಚನೆ ಒಂದು ವಾರದ ಕಿರಿಕಿರಿ, ತೋಳುಪಟ್ಟಿ ಕಟ್ಟಿ ನೋಡಿದರೆ ಬಗೆಹರಿಯುತ್ತದೆ. ‘ವಾಚು ಏನೂ ಹೇಳಿಲ್ಲವಲ್ಲ’ ಎಂದು ವರ್ಷಗಟ್ಟಲೆ ಬಿಪಿ ನೋಡಿಸದೆ ಇರುವುದು ಹಾಗಲ್ಲ.

ಯಂತ್ರ ಒಂದೇ, ನಿಖರತೆಯ ಅಂಕಿಯೂ ಒಂದೇ. ಕಟ್ಟಿಕೊಂಡವರು ಯಾರು ಎಂಬುದರ ಮೇಲೆ ಸೂಚನೆಯ ಅರ್ಥ ಬದಲಾಗುತ್ತದೆ. ‘95% ನಿಖರ’ ಎಂದಷ್ಟೇ ಹೇಳುವ ಜಾಹೀರಾತು ಈ ಕಾರಣಕ್ಕೇ ಏನನ್ನೂ ಹೇಳುವುದಿಲ್ಲ.

ಹಿಡಿದರೆ ಸಾಕೇ?

ಸರಿ, ರೋಗ ಬೇಗ ಸಿಕ್ಕಿತು. ಅದರಿಂದ ಒಳ್ಳೆಯದಾಗಲೇಬೇಕಲ್ಲ ಎಂಬುದು ಸಹಜವಾದ ಊಹೆ. ಡೆನ್ಮಾರ್ಕ್‌ನ ಲೂಪ್ ಪ್ರಯೋಗ ಈ ಊಹೆಯನ್ನೇ ಪರೀಕ್ಷೆಗೆ ಒಡ್ಡಿತು. 70ರಿಂದ 90 ವಯಸ್ಸಿನ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿರುವ 6,004 ಜನರಲ್ಲಿ ಒಂದು ಭಾಗಕ್ಕೆ ಎದೆಯ ಚರ್ಮದಡಿ ಹೃದಯಬಡಿತ ದಾಖಲಿಸುವ ಪುಟ್ಟ ಸಾಧನ ಇಟ್ಟರು, ಉಳಿದವರಿಗೆ ಮಾಮೂಲಿ ಆರೈಕೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯತಪ್ಪಿದ ಬಡಿತ ಸಾಧನವಿದ್ದವರಲ್ಲಿ 31.8% ಜನರಲ್ಲಿ ಪತ್ತೆಯಾಯಿತು, ಇಲ್ಲದವರಲ್ಲಿ 12.2%. ಪತ್ತೆ ಎರಡೂವರೆ ಪಟ್ಟು. ರಕ್ತ ತೆಳುಗೊಳಿಸುವ ಔಷಧಿಯೂ ಹೆಚ್ಚು ಜನರಿಗೆ ಹೋಯಿತು. ಆದರೆ ಪಾರ್ಶ್ವವಾಯು ಅಥವಾ ರಕ್ತನಾಳದ ತಡೆ ಆದದ್ದು ಸಾಧನವಿದ್ದವರಲ್ಲಿ 4.5%, ಇಲ್ಲದವರಲ್ಲಿ 5.6%. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎನ್ನುವಷ್ಟು ಸಣ್ಣದು.

ಕಾರಣ ಹೀಗಿರಬಹುದು. ಹಗಲಿರುಳು ನೋಡುತ್ತಿದ್ದರೆ ಕೆಲವೇ ನಿಮಿಷ ಬಂದು ಹೋಗುವ ಲಯದೋಷವೂ ಸಿಗುತ್ತದೆ. ಅಂಥದ್ದು, ರೋಗಲಕ್ಷಣದೊಂದಿಗೆ ಆಸ್ಪತ್ರೆಗೆ ಬಂದವರಲ್ಲಿ ಸಿಗುವ ದೋಷದಷ್ಟು ಅಪಾಯಕಾರಿ ಆಗಿರಬೇಕೆಂದಿಲ್ಲ. ಔಷಧಿಯ ಲಾಭ ಚಿಕ್ಕದಾಗುತ್ತದೆ, ರಕ್ತಸ್ರಾವದ ಅಪಾಯ ಮಾತ್ರ ಹಾಗೇ ಉಳಿಯುತ್ತದೆ. ಪತ್ತೆಯ ಸಂಖ್ಯೆಯನ್ನೇ ಯಶಸ್ಸಿನ ಸಂಖ್ಯೆ ಎಂದು ಮೆರೆಸುವ ವರದಿಗಳನ್ನು ಓದುವಾಗ ಈ ಪ್ರಯೋಗ ನೆನಪಿರಬೇಕು.

ಅಂಕಿ ಯಾರ ಕೈಗೆ ಹೋಯಿತು

ಡಿಜಿಟಲ್ ಆರೋಗ್ಯದ ವಾದವಿವಾದವನ್ನೆಲ್ಲ ಅರ್ಥ ಮಾಡಿಕೊಳ್ಳಲು ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹೃದಯ ವೈಫಲ್ಯದ ರೋಗಿಗಳಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಉಸಿರಾಟ ಕಷ್ಟವಾಗುವ ಮೊದಲೇ ಕೆಲವು ದಿನಗಳಲ್ಲಿ ತೂಕ ಒಂದೆರಡು ಕಿಲೋ ಏರಬಹುದು. ದಿನವೂ ತೂಕ ನೋಡಿ, ಏರಿದಾಗ ನೀರು ಇಳಿಸುವ ಮಾತ್ರೆಯ ಪ್ರಮಾಣ ಸರಿಪಡಿಸಿದರೆ ಆಸ್ಪತ್ರೆ ತಪ್ಪೀತು. ದೂರದಿಂದ ನಿಗಾ ಇಡುವ ತಂತ್ರಜ್ಞಾನದ ಹಿಂದಿನ ತರ್ಕ ಇದು, ತರ್ಕದಲ್ಲಿ ತಪ್ಪಿಲ್ಲ.

ಅಮೆರಿಕದ ಟೆಲಿ-ಎಚ್‌ಎಫ್ ಪ್ರಯೋಗ (2010) ಆಗಷ್ಟೇ ಆಸ್ಪತ್ರೆಗೆ ದಾಖಲಾಗಿದ್ದ 1,653 ರೋಗಿಗಳನ್ನು ತೆಗೆದುಕೊಂಡಿತು. ಅರ್ಧ ಜನ ದಿನವೂ ಸ್ವಯಂಚಾಲಿತ ದೂರವಾಣಿ ವ್ಯವಸ್ಥೆಗೆ ಕರೆ ಮಾಡಿ ತೂಕ, ಲಕ್ಷಣ ತಿಳಿಸಬೇಕು. ಅದನ್ನು ಚಿಕಿತ್ಸಾಲಯದವರು ನೋಡುತ್ತಾರೆ. ಆರು ತಿಂಗಳಲ್ಲಿ ಮರುದಾಖಲಾತಿ ಅಥವಾ ಸಾವು: ನಿಗಾದಲ್ಲಿದ್ದವರಲ್ಲಿ 52.3%, ಇಲ್ಲದವರಲ್ಲಿ 51.5%. ಏನೂ ಉಪಯೋಗವಾಗಲಿಲ್ಲ. ಬಳಕೆಯ ದಾಖಲೆ ನೋಡಿದರೆ ಕಾರಣದ ಒಂದು ಭಾಗ ಅಲ್ಲೇ ಇದೆ. 14% ಜನ ಒಂದು ಸಲವೂ ಕರೆ ಮಾಡಲಿಲ್ಲ. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಬಳಸುತ್ತಿದ್ದವರು 55% ಮಾತ್ರ.

ಜರ್ಮನಿಯ ಟಿಮ್-ಎಚ್‌ಎಫ್2 ಪ್ರಯೋಗದಲ್ಲಿ (2018) 1,571 ರೋಗಿಗಳು. ಇಲ್ಲಿ ತೂಕದ ಜೊತೆ ಬಿಪಿ, ಇಸಿಜಿ, ಆಮ್ಲಜನಕದ ಮಟ್ಟ, ‘ಇವತ್ತು ಹೇಗಿದ್ದೀರಿ’ ಎಂಬುದಕ್ಕೆ ಉತ್ತರ, ಎಲ್ಲವೂ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಕೇಂದ್ರಕ್ಕೆ ತಾನಾಗಿ ಹೋಗುತ್ತಿತ್ತು. ಅಲ್ಲಿ ವಾರದ ಏಳೂ ದಿನ, ಇಪ್ಪತ್ನಾಲ್ಕು ಗಂಟೆ ವೈದ್ಯರು, ನರ್ಸ್‌ಗಳು ಕೂತಿರುತ್ತಿದ್ದರು. ಅಂಕಿ ಏರಿದರೆ ರೋಗಿಗೆ ಅವರೇ ಫೋನ್ ಮಾಡುವರು, ಔಷಧಿ ಬದಲಿಸುವರು, ಬೇಕಾದರೆ ದಾಖಲಾಗಲು ಹೇಳುವರು. ಫಲಿತಾಂಶ: ಹಠಾತ್ ಹೃದಯ ಸಂಬಂಧಿ ದಾಖಲಾತಿ ಅಥವಾ ಸಾವಿನಿಂದ ಕಳೆದುಹೋದ ದಿನಗಳು ವರ್ಷಕ್ಕೆ 24.2ರಿಂದ 17.8ಕ್ಕೆ ಇಳಿದವು. ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದ ಲೆಕ್ಕದಲ್ಲಿ ಸಾವು ಮಾಮೂಲಿ ಆರೈಕೆಯಲ್ಲಿ 11.34, ಇಲ್ಲಿ 7.86.

ಎರಡೂ ಕಡೆಯ ರೋಗಿಗಳು, ದೇಶ, ಕಾಲ ಬೇರೆ. ಜರ್ಮನಿಯವರು ತೀವ್ರ ಖಿನ್ನತೆ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಇಡೀ ವ್ಯತ್ಯಾಸವನ್ನು ಆ ಕೇಂದ್ರದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ತೂಕದ ಯಂತ್ರ ಯಾರನ್ನೂ ಉಳಿಸುವುದಿಲ್ಲ. ಅಂಕಿ ಬಂತು, ಯಾರೋ ನೋಡಿದರು, ನೋಡಿದವರಿಗೆ ನಿರ್ಧರಿಸುವ ಅಧಿಕಾರವಿತ್ತು, ಮಾತ್ರೆ ಅದೇ ದಿನ ಬದಲಾಯಿತು, ರೋಗಿ ಅದನ್ನು ನುಂಗಿದರು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಫಲ ಸೊನ್ನೆ. ‘ಆ್ಯಪ್ ಕೆಲಸ ಮಾಡುತ್ತದೆಯೇ’ ಎಂದು ಕೇಳುವವರು ನಿಜಕ್ಕೂ ಕೇಳಬೇಕಾದದ್ದು ಈ ಇಡೀ ಸರಪಳಿಯ ಬಗ್ಗೆ. ಅದರ ಖರ್ಚಿನಲ್ಲಿ ಸಾಫ್ಟ್‌ವೇರ್‌ಗಿಂತ ರಾತ್ರಿ ಪಾಳಿಯ ಸಂಬಳವೇ ದೊಡ್ಡದಾಗಬಹುದು ಎಂಬುದನ್ನು ಮಾರಲು ಬಂದವರು ಮೊದಲು ಹೇಳುವುದಿಲ್ಲ.

ಕಾಗದದ ಮೇಲೆ ಸುಧಾರಣೆ ಹೇಗೆ ಉಬ್ಬುತ್ತದೆ

ಶುಗರ್ ನಿಯಂತ್ರಣದ ಒಂದು ಕಾಲ್ಪನಿಕ ಆ್ಯಪ್ ತೆಗೆದುಕೊಳ್ಳಿ. ‘ಆರು ತಿಂಗಳು ಬಳಸಿದವರ ಎಚ್‌ಬಿಎ1ಸಿ 8.8ರಿಂದ 7.9ಕ್ಕೆ ಇಳಿಯಿತು’ ಎಂದು ಅದರ ಪ್ರಚಾರ. (ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ.) 0.9 ಇಳಿಕೆ ಎಂದರೆ ಒಂದು ಮಾತ್ರೆಯ ಪರಿಣಾಮದಷ್ಟು, ಕಡಿಮೆಯೇನಲ್ಲ.

ಸೇರಿದವರು 1,000, ಆರು ತಿಂಗಳು ಉಳಿದವರು 300 ಎಂದಿರಲಿ. ಬಿಟ್ಟುಹೋದ 700 ಜನರಲ್ಲಿ ಏನೂ ಬದಲಾಗಿಲ್ಲ ಎಂದಾದರೆ, ಸೇರಿದವರೆಲ್ಲರ ಸರಾಸರಿ ಇಳಿಕೆ 0.27. ಉಳಿದ 300 ಜನ ಮೊದಲೇ ಶಿಸ್ತಿನವರು, ಆ್ಯಪ್ ಇಲ್ಲದಿದ್ದರೂ ನಡೆಯುತ್ತಿದ್ದರು, ಮಾತ್ರೆ ತಪ್ಪಿಸುತ್ತಿರಲಿಲ್ಲ ಎನ್ನುವ ಸಾಧ್ಯತೆ ಬೇರೆ. ಇಷ್ಟಕ್ಕೇ ಮುಗಿಯಲಿಲ್ಲ. ಜನ ಇಂಥ ಕಾರ್ಯಕ್ರಮಕ್ಕೆ ಸೇರುವುದೇ ಶುಗರ್ ವಿಪರೀತ ಏರಿದ ಸಮಯದಲ್ಲಿ. ವಿಪರೀತ ಏರಿದ್ದು ಏನೂ ಮಾಡದಿದ್ದರೂ ಒಂದಿಷ್ಟು ಇಳಿಯುತ್ತದೆ, ವೈದ್ಯರೂ ಔಷಧಿ ಹೆಚ್ಚಿಸಿರುತ್ತಾರೆ. ಆ್ಯಪ್ ಇಲ್ಲದ ಗುಂಪಿನಲ್ಲೂ 0.2 ಇಳಿದಿದ್ದರೆ ಆ್ಯಪ್‌ನ ಪಾಲಿಗೆ ಉಳಿಯುವುದು 0.07. ಪ್ರಚಾರದ 0.9 ಸುಳ್ಳಲ್ಲ, ಆದರೆ ಅದು ಆ್ಯಪ್‌ನಿಂದಾದ ಬದಲಾವಣೆಯ ಅಳತೆ ಅಲ್ಲ.

ಇದಕ್ಕೇ ಹೋಲಿಕೆ ಗುಂಪು ಬೇಕು, ಚೀಟಿ ಎತ್ತಿದಂತೆ ಯಾರು ಯಾವ ಗುಂಪಿಗೆ ಎಂದು ಹಂಚಬೇಕು, ಬಿಟ್ಟುಹೋದವರನ್ನೂ ಲೆಕ್ಕದಲ್ಲಿ ಉಳಿಸಿಕೊಳ್ಳಬೇಕು. ಹೀಗೆ ಮಾಡಿದಾಗ ಬರುವ ಉತ್ತರ ಕೆಲವೊಮ್ಮೆ ಮುಜುಗರದ್ದು. ಅಮೆರಿಕದ ಐಡಿಯಾ ಪ್ರಯೋಗದಲ್ಲಿ (2016) ತೂಕ ಇಳಿಸುವ ಕಾರ್ಯಕ್ರಮದ ಜೊತೆ ತೋಳಿಗೆ ಕಟ್ಟುವ ಚಟುವಟಿಕೆ ಮಾಪಕ ಪಡೆದವರು ಎರಡು ವರ್ಷಗಳಲ್ಲಿ ಸರಾಸರಿ 3.5 ಕಿಲೋ ಇಳಿದರು. ಮಾಪಕ ಇಲ್ಲದೆ ತಾವೇ ಬರೆದಿಟ್ಟುಕೊಂಡವರು 5.9 ಕಿಲೋ.

2024ರಲ್ಲಿ ಪೀಟರ್ಸನ್ ಹೆಲ್ತ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ ಡಯಾಬಿಟಿಸ್ ಆ್ಯಪ್‌ಗಳ ಪುರಾವೆಯನ್ನು ಒಟ್ಟಿಗೆ ಜಾಲಾಡಿತು. ಎಚ್‌ಬಿಎ1ಸಿಯಲ್ಲಿ ಮಾಮೂಲಿ ಆರೈಕೆಗಿಂತ ಹೆಚ್ಚಿನ ಇಳಿಕೆ 0.23ರಿಂದ 0.60ರ ನಡುವೆ, ಖರ್ಚಿಗೆ ತಕ್ಕ ಲಾಭ ಬಹುತೇಕ ಕಾಣುತ್ತಿಲ್ಲ ಎಂಬುದು ಅದರ ತೀರ್ಮಾನ. ವಿಮರ್ಶೆಗೊಳಗಾದ ಕಂಪನಿಗಳು ಒಪ್ಪಲಿಲ್ಲ.

ವಾರ್ಡಿಗೆ ಬಂದ ಎಐ

ಎಐ ವಿಷಯದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ತರಬೇತಿ ಪಡೆದ ದತ್ತಾಂಶ ಒಂದು ಕಡೆಯದು, ಕೆಲಸ ಮಾಡಬೇಕಾದ ಜಾಗ ಇನ್ನೊಂದು.

ಸೋಂಕಿಗೆ ದೇಹ ವಿಪರೀತವಾಗಿ ಸ್ಪಂದಿಸಿ ಅಂಗಗಳು ಕೆಡುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಆಸ್ಪತ್ರೆಗಳಿಗೆ ರೋಗಿದಾಖಲೆಯ ಸಾಫ್ಟ್‌ವೇರ್ ಒದಗಿಸುವ ಎಪಿಕ್ ಕಂಪನಿಯ ಸೆಪ್ಸಿಸ್ ಮುನ್ಸೂಚನೆ ವ್ಯವಸ್ಥೆ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮ್ಮಲ್ಲಿನ 38,455 ದಾಖಲಾತಿಗಳ ಮೇಲೆ ಅದನ್ನು ತಾವೇ ಪರೀಕ್ಷಿಸಿದರು. ಸೆಪ್ಸಿಸ್ ಆದವರಲ್ಲಿ 67% ಜನರನ್ನು ಅದು ಹಿಡಿದಿರಲಿಲ್ಲ. ಹಾಗಿದ್ದೂ ಒಟ್ಟು ದಾಖಲಾದವರಲ್ಲಿ 18% ಜನರಿಗೆ ಅಲಾರಂ ಹೊಡೆದಿತ್ತು. ಸೆಪ್ಸಿಸ್ ಇದ್ದದ್ದು ನೂರಕ್ಕೆ ಸುಮಾರು 7 ದಾಖಲಾತಿಗಳಲ್ಲಿ. ಹೀಗಾಗಿ ನೂರು ರೋಗಿಗಳಿರುವಲ್ಲಿ 18 ಅಲಾರಂ, ಅದರಲ್ಲಿ ನಿಜವಾದದ್ದು ಎರಡೋ ಮೂರೋ. ಇಂಥ ಅಲಾರಂ ಕೇಳಿ ಕೇಳಿ ನರ್ಸ್ ಅದನ್ನು ಒತ್ತಿ ಮುಂದೆ ಹೋಗಲು ಕಲಿಯುತ್ತಾರೆ, ಆಮೇಲೆ ನಿಜವಾದ ಅಲಾರಂಗೂ ಅದೇ ಗತಿ.

ಥಾಯ್ಲೆಂಡಿನಲ್ಲಿ ಗೂಗಲ್‌ನ ಕಣ್ಣಿನ ತಪಾಸಣೆ ವ್ಯವಸ್ಥೆಯ ತೊಂದರೆ ಬೇರೆ ರೀತಿಯದು. ಡಯಾಬಿಟಿಸ್‌ನಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಗುರುತಿಸುವ ಆ ವ್ಯವಸ್ಥೆ ಸಂಶೋಧನೆಯಲ್ಲಿ ಚೆನ್ನಾಗಿಯೇ ಇತ್ತು. ಕ್ಲಿನಿಕ್‌ಗಳಲ್ಲಿ ಕೋಣೆ ಪೂರ್ತಿ ಕತ್ತಲಾಗುತ್ತಿರಲಿಲ್ಲ, ಚಿತ್ರ ಮಸುಕಾಗುತ್ತಿತ್ತು. 1,838 ಚಿತ್ರಗಳಲ್ಲಿ 21% ಚಿತ್ರಗಳನ್ನು ವ್ಯವಸ್ಥೆ ‘ಗುಣಮಟ್ಟ ಸಾಲದು’ ಎಂದು ತಿರಸ್ಕರಿಸಿತು. ಇಂಟರ್‌ನೆಟ್ ನಿಧಾನವಾದ ದಿನ ಸಾಲು ಬೆಳೆಯಿತು. ಗಣಿತ ಸರಿಯಿತ್ತು, ಕೋಣೆಯ ಬೆಳಕು ಕೈಕೊಟ್ಟಿತು.

ಹಾಗೆಂದು ಎಐ ಎಲ್ಲವೂ ಟೊಳ್ಳು ಎನ್ನುವಂತಿಲ್ಲ. ಸ್ವೀಡನ್ನಿನ ಮಸಾಯ್ ಪ್ರಯೋಗದ ಮೊದಲ ವಿಶ್ಲೇಷಣೆಯಲ್ಲಿ (2023) 80,033 ಮಹಿಳೆಯರ ಸ್ತನದ ಎಕ್ಸ್‌ರೇಗಳನ್ನು ಎರಡು ಗುಂಪು ಮಾಡಿ ನೋಡಲಾಯಿತು. ಎಐ ನೆರವಿದ್ದ ಕಡೆ ರೇಡಿಯಾಲಜಿಸ್ಟ್‌ಗಳ ಓದುವ ಹೊರೆ 44% ಇಳಿಯಿತು, ಸಿಕ್ಕ ಕ್ಯಾನ್ಸರ್ ಸಾವಿರಕ್ಕೆ 6.1, ಇಲ್ಲದ ಕಡೆ 5.1. ಇಲ್ಲಿ ಎಐ ಸೇರಿಕೊಂಡದ್ದು ಗಟ್ಟಿಯಾದ ಒಂದು ವ್ಯವಸ್ಥೆಯೊಳಗೆ. ಚಿತ್ರ ತೆಗೆಯುವ ಕ್ರಮ, ಮರಳಿ ಕರೆಯುವ ಕ್ರಮ, ಚಿಕಿತ್ಸೆ ಎಲ್ಲವೂ ಮೊದಲೇ ಇದ್ದವು.

ಕಂಪನಿಗಳ ವಾದ, ಹಣ ಕೊಡುವವರ ವಾದ

‘ಪ್ರಯೋಗಕ್ಕೆ ಮೂರು ನಾಲ್ಕು ವರ್ಷ ಬೇಕು, ನಮ್ಮ ಸಾಫ್ಟ್‌ವೇರ್ ತಿಂಗಳಿಗೊಮ್ಮೆ ಬದಲಾಗುತ್ತದೆ, ಫಲಿತಾಂಶ ಬರುವಾಗ ಆ ಆವೃತ್ತಿಯೇ ಇರುವುದಿಲ್ಲ’ ಎನ್ನುತ್ತಾರೆ ತಯಾರಕರು. ಮಾತಿನಲ್ಲಿ ಹುರುಳಿದೆ, ಅರ್ಧದಷ್ಟು. ಬಟನ್‌ನ ಬಣ್ಣ ಬದಲಾದರೆ ಮತ್ತೆ ಪ್ರಯೋಗ ಬೇಡ. ಎಚ್ಚರಿಕೆ ಯಾವಾಗ ಹೊಡೆಯಬೇಕೆಂಬ ಮಿತಿ ಬದಲಾದರೆ ಬೇಕು. ಯಾವ ಬದಲಾವಣೆಗೆ ಯಾವ ಪರೀಕ್ಷೆ ಎಂದು ಮೊದಲೇ ಬರೆದು ಒಪ್ಪಿಸುವ ಪದ್ಧತಿಯನ್ನು ನಿಯಂತ್ರಕರು ಈಗ ತರುತ್ತಿದ್ದಾರೆ. ಬ್ರಿಟನ್ನಿನ ನೈಸ್ ಸಂಸ್ಥೆ ಅಪಾಯಕ್ಕೆ ತಕ್ಕಂತೆ ಪುರಾವೆಯ ಮೆಟ್ಟಿಲು ಹಾಕಿದೆ. ಆಸ್ಪತ್ರೆಯ ಕೆಲಸ ಸುಗಮಗೊಳಿಸುವ ಸಾಫ್ಟ್‌ವೇರ್‌ಗೆ ಕೆಳಗಿನ ಮೆಟ್ಟಿಲು, ರೋಗ ನಿರ್ಣಯಿಸುವ ಅಥವಾ ಚಿಕಿತ್ಸೆ ಕೊಡುವಂಥದಕ್ಕೆ ಮೇಲಿನದು.

ಜರ್ಮನಿ ಬೇರೆ ದಾರಿ ಹಿಡಿಯಿತು. 2019ರ ಕಾನೂನಿನಂತೆ ವೈದ್ಯರು ಆ್ಯಪ್ ಅನ್ನು ಚೀಟಿಯಲ್ಲಿ ಬರೆದುಕೊಡಬಹುದು, ಸಾರ್ವಜನಿಕ ವಿಮೆ ಹಣ ಕೊಡಬೇಕು. ಸುರಕ್ಷತೆ, ಗೋಪ್ಯತೆಯ ಪರೀಕ್ಷೆ ದಾಟಿದರೆ ಸಾಕು, ಪರಿಣಾಮದ ಪುರಾವೆ ಒದಗಿಸಲು ಒಂದು ವರ್ಷದ ತಾತ್ಕಾಲಿಕ ಅವಕಾಶ. ಆ ವರ್ಷದ ಬೆಲೆ ಕಂಪನಿ ಹೇಳಿದ್ದೇ. ಪುರಾವೆ ಸಿಗುವ ಮೊದಲೇ ಪೂರ್ತಿ ಬೆಲೆ ತೆರುತ್ತಿದ್ದೇವೆ ಎಂದು ವಿಮಾ ನಿಧಿಗಳು ಆಗಿನಿಂದಲೂ ಗೊಣಗುತ್ತಿವೆ. ಅದರ ಫಲವಾಗಿ 2024ರ ತಿದ್ದುಪಡಿ, 2026ರಿಂದ ಬೆಲೆಯ ಕನಿಷ್ಠ 20% ಭಾಗವನ್ನು ಫಲಿತಾಂಶಕ್ಕೆ ಕಟ್ಟಿಹಾಕಿತು.

ಪುರಾವೆ ಇದ್ದರೂ ಹಣ ಬಾರದ ಕಥೆ ಅಮೆರಿಕದ ಪೇರ್ ಥೆರಪ್ಯೂಟಿಕ್ಸ್‌ನದು. ಮಾದಕ ವ್ಯಸನಕ್ಕೆ ಅದರ ರೀಸೆಟ್ ಆ್ಯಪ್ 2017ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆಯಿತು. 12 ವಾರಗಳ ಪ್ರಯೋಗದಲ್ಲಿ ವ್ಯಸನದಿಂದ ದೂರ ಉಳಿದವರು 40.3%, ಆ್ಯಪ್ ಇಲ್ಲದವರಲ್ಲಿ 17.6%. ಆದರೂ ವಿಮಾದಾರರು ಸಾಕಷ್ಟು ಮಂದಿ ಹಣ ಕೊಡಲು ಮುಂದೆ ಬರಲಿಲ್ಲ, 2023ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇದನ್ನು ನೋಡಿದ ಹೂಡಿಕೆದಾರರು ‘ಪ್ರಯೋಗಕ್ಕೆ ಖರ್ಚು ಮಾಡುವುದಕ್ಕಿಂತ ಕ್ಷೇಮದ ಆ್ಯಪ್ ಎಂದು ನೇರ ಮಾರುವುದೇ ಲಾಭ’ ಎಂದುಕೊಂಡರೆ ಅವರನ್ನು ಬೈದು ಪ್ರಯೋಜನವಿಲ್ಲ. ಪುರಾವೆಗೆ ಬೆಲೆ ಸಿಗದ ಮಾರುಕಟ್ಟೆಯಲ್ಲಿ ಪುರಾವೆ ಯಾರೂ ಹುಟ್ಟಿಸುವುದಿಲ್ಲ. ಎಫ್‌ಡಿಎ ಸಡಿಲಿಕೆಯ ಪರಿಣಾಮವೂ ಇದೇ ದಿಕ್ಕಿಗೆ. ಪರೀಕ್ಷಿಸುವ ಹೊರೆ ನಿಯಂತ್ರಕರಿಂದ ಕೊಳ್ಳುವವರ ಹೆಗಲಿಗೆ ಜಾರುತ್ತದೆ.

ಕೊಳ್ಳುವ ಆಸ್ಪತ್ರೆ ಮಾಡಬಹುದಾದದ್ದು

ಅಳವಡಿಸುವ ಮೊದಲು ಕೆಲವು ವಾರ ‘ಮೌನ ಓಟ’ ನಡೆಸುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ವ್ಯವಸ್ಥೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಿರುತ್ತದೆ, ಅಲಾರಂ ಯಾರಿಗೂ ಕಾಣುವುದಿಲ್ಲ. ಆ ಅವಧಿಯ ನಿಜವಾದ ರೋಗಿಗಳ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಿ, ಒಂದು ನಿಜ ಪ್ರಕರಣಕ್ಕೆ ಎಷ್ಟು ಸುಳ್ಳು ಅಲಾರಂ, ವೈದ್ಯರಿಗೆ ತಿಳಿಯುವುದಕ್ಕಿಂತ ಎಷ್ಟು ಗಂಟೆ ಮೊದಲು ಎಂಬುದನ್ನು ತೆಗೆಯಬೇಕು. ವೈದ್ಯರು ಚಿಕಿತ್ಸೆ ಶುರು ಮಾಡಿದ ಮೇಲೆ ಹೊಡೆದ ಅಲಾರಂ ಲೆಕ್ಕಕ್ಕೆ ಬರಬಾರದು.

ಫಲಿತಾಂಶವನ್ನು ಗುಂಪು ಗುಂಪಾಗಿ ಒಡೆದು ನೋಡುವುದು ಕಡ್ಡಾಯ. ಬೆರಳಿಗೆ ಹಾಕುವ ಆಕ್ಸಿಮೀಟರ್ ದಶಕಗಳಿಂದ ಬಳಕೆಯಲ್ಲಿದ್ದರೂ, ಅದು ಆಮ್ಲಜನಕ ಸಾಕಷ್ಟಿದೆ ಎಂದು ತೋರಿಸಿದಾಗಲೂ ರಕ್ತದಲ್ಲಿ ನಿಜಕ್ಕೂ ಕುಸಿದಿದ್ದದ್ದು ಬಿಳಿಯರಲ್ಲಿ 3.6%, ಕಪ್ಪು ಚರ್ಮದವರಲ್ಲಿ 11.7% ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಟ್ಟು ಸರಾಸರಿಯಲ್ಲಿ ಇದು ಮುಚ್ಚಿಹೋಗಿತ್ತು.

ಅಲಾರಂ ಬಂದಾಗ ಯಾರು, ಎಷ್ಟು ನಿಮಿಷದೊಳಗೆ, ಏನು ಮಾಡಬೇಕು ಎಂಬುದು ಪಾಳಿಪಟ್ಟಿಯಲ್ಲಿ ಹೆಸರು ಸಮೇತ ಬರೆದಿರಬೇಕು. ಕರಾರಿನಲ್ಲಿ ಎರಡು ಷರತ್ತು ಸೇರಿರಬೇಕು: ಆವೃತ್ತಿ ಬದಲಾದಾಗಲೆಲ್ಲ ಲಿಖಿತ ಸೂಚನೆ, ಮತ್ತು ಬಳಕೆಯ ಪೂರ್ತಿ ದಾಖಲೆ ಆಸ್ಪತ್ರೆಯ ಕೈಗೆ. ಎರಡನೆಯದಕ್ಕೆ ಒಪ್ಪದ ಕಂಪನಿಯ ವ್ಯವಸ್ಥೆಯನ್ನು ಪರೀಕ್ಷಿಸಲು ದಾರಿಯೇ ಇರುವುದಿಲ್ಲ. ಪತ್ತೆ ದರ ಎಷ್ಟಕ್ಕಿಂತ ಕೆಳಗಿಳಿದರೆ, ಅಥವಾ ಎಷ್ಟು ಪಾಲು ಅಲಾರಂಗಳನ್ನು ಯಾರೂ ತೆರೆದು ನೋಡದಿದ್ದರೆ ವ್ಯವಸ್ಥೆಯನ್ನು ನಿಲ್ಲಿಸಬೇಕು ಎಂಬ ಮಿತಿಯನ್ನು ಹಣ ಕಟ್ಟುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೊಂಡ ಮೇಲೆ ಆ ಅಂಕಿಯನ್ನು ಒಪ್ಪಿಸಲು ಹೊರಟರೆ, ಕೊಳ್ಳಲು ಸಹಿ ಹಾಕಿದವರೇ ಅಡ್ಡ ನಿಲ್ಲುತ್ತಾರೆ.